ನೀರಿನಡಿಯ ತವರಿಗೆ ಬಾಗಿನ

ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ, ಅಮ್ಮನ ಪಕ್ಕ, ಒಂದು ಜೊತೆ ಮೊರ ಸೀಟ್ ಬೆಲ್ಟ್ ಹಾಕಿಕೊಂಡು ಕುಳಿತಿತ್ತೆಂದರೆ ನೀವು ನಗಬಹುದು, ನಾನೂ ನಕ್ಕೆ. ಅರಿಶಿನ ಬಳಿದ ಆ ಎರಡು ಮೊರಗಳ ನಡುವೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಹಸಿರು ಬಳೆ, ರವಿಕೆ ಕಣ ಎಲ್ಲವನ್ನೂ ಜೋಡಿಸಿ, ಲಕ್ಕವಳ್ಳಿಯ ದಾರಿಯ ತಿರುವುಗಳಲ್ಲಿ ಚೆಲ್ಲದಿರಲೆಂದು ಅಮ್ಮನೇ ಬೆಲ್ಟ್ ಬಿಗಿದಿದ್ದಳು. ತಾನು ಮಾತ್ರ ಹಾಕಿಕೊಂಡಿರಲಿಲ್ಲ.

ಹೊರಟಿದ್ದು ಭಾನುವಾರದ ವಿಹಾರಕ್ಕೆ. ಗೋಪಾಳದ ನಮ್ಮ ಮನೆಯಿಂದ ಸುತ್ತಾಟವೆಂದರೆ ತ್ಯಾವರೆಕೊಪ್ಪದ ಹುಲಿಧಾಮಕ್ಕೆ ಹೋಗಿ, ಹುಲಿಗಳು ಮಲಗಿರುವುದನ್ನು ನೋಡಿ, ಮನೆಗೆ ಬಂದು ನಾವೂ ಮಲಗುವುದು ವಾಡಿಕೆ. ಈ ಸಲ ಭದ್ರಾ ಅಭಯಾರಣ್ಯದ ಹಿನ್ನೀರಿನಲ್ಲಿ ದೋಣಿ ವಿಹಾರವೆಂದು ತಿಳಿದು, ಅಮ್ಮ ಭದ್ರಾವತಿಯಲ್ಲಿ ಈ ಬಾಗಿನದೊಡನೆ ಕಾರು ಹತ್ತಿದಳು. ಅವಳು ಹುಟ್ಟಿದ ಊರು ಆ ನೀರಿನಡಿಯಲ್ಲಿದೆ. ಗೌರಿ ಹಬ್ಬಕ್ಕೆ ತವರಿನಿಂದ ಮಗಳಿಗೆ ಬಾಗಿನ ಬರುವುದು ರೂಢಿ. ಮಗಳೇ ತವರಿಗೆ ಬಾಗಿನ ಹೊತ್ತೊಯ್ಯುವುದನ್ನು ನಾನಂತೂ ಕೇಳಿರಲಿಲ್ಲ. ಯಾಕಮ್ಮ ಎಂದರೆ, ಅಲ್ಲಿಂದ ಕೊಡುವವರು ಯಾರೂ ಉಳಿದಿಲ್ಲವಲ್ಲ, ಕಣ್ಣು ಮುಚ್ಚುವುದರೊಳಗೆ ಒಂದು ಸಲ ನಾನೇ ಕೊಟ್ಟುಬಿಡುತ್ತೇನೆ ಎಂದಳು. ಆ ಮಾತು ನನಗೆ ಸರಿಯೆನಿಸಿತೋ ತಪ್ಪೆನಿಸಿತೋ ಇಂದಿಗೂ ಹೇಳಲಾರೆ.

ದೋಣಿ ಕಟ್ಟೆಯಲ್ಲಿದ್ದ ಅರಣ್ಯ ರಕ್ಷಕಿ ಮೊರವನ್ನು ಕಂಡೊಡನೆ ಎದ್ದು ಬಂದಳು. ತೊಡೆಯ ಮೇಲಿಟ್ಟುಕೊಂಡು ಹೋಗಿ ಬನ್ನಿ, ಆದರೆ ಒಂದು ಕಾಳೂ ನೀರಿಗೆ ಬೀಳುವ ಹಾಗಿಲ್ಲ ಎಂದು ಮೃದುವಾಗಿಯೇ ಹೇಳಿದಳು. ಅಮ್ಮ ತಲೆಯಾಡಿಸಿದ ಚುರುಕನ್ನು ನೋಡಿಯೇ ನನಗೆ ಅನುಮಾನ ಬಂತು. ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಬಾಗಿನವನ್ನು ಅಪ್ಪಿಕೊಂಡು ಕುಳಿತ ಅವಳು ಪ್ರವಾಸಿಯೋ ಮನೆಮಗಳೋ, ಪಕ್ಕದಲ್ಲಿ ಕುಳಿತ ನಾನು ಯಾರೋ, ಗೊತ್ತಾಗಲಿಲ್ಲ.

ಈ ನೀರನ್ನಾದರೂ ಏನೆಂದು ಕರೆಯುವುದು, ನೀವೇ ಹೇಳಿ. ಹೊಳೆಯೆನ್ನೋಣವೆಂದರೆ ಹರಿಯುತ್ತಿಲ್ಲ, ಕೆರೆಯೆನ್ನೋಣವೆಂದರೆ ಏರಿಯೂ ಕಾಣುತ್ತಿಲ್ಲ. ಅಮ್ಮನ ಮನೆಯನ್ನು ಮುಳುಗಿಸಿದ್ದು ಇದೇ ನೀರು, ನನ್ನ ತಟ್ಟೆಯ ಅನ್ನವನ್ನು ಕಾಲುವೆಯಲ್ಲಿ ಹರಿದು ಬೆಳೆಸಿದ್ದೂ ಇದೇ ನೀರು. ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ, ಎಲ್ಲರಂತೆ ನಾನೂ ಒಂದು ಫೋಟೋ ತೆಗೆದೆ.

ನಿಮ್ಮೂರು ಯಾವ ಕಡೆ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ ಎಂದು ದೋಣಿಯವನು ಅಮ್ಮನನ್ನು ಕೇಳಿದ. ಅಮ್ಮ ಎಡಗಡೆಯ ಗುಡ್ಡವನ್ನು ತೋರಿಸಿದಳು. ದೋಣಿ ಅತ್ತ ತಿರುಗಿದ ಮೇಲೆ, ಅಲ್ಲ, ಬಲಗಡೆ ಎಂದಳು. ಮೂರನೆಯ ಸಲ ಎತ್ತಿದ ಕೈ ಯಾವ ಕಡೆಗೂ ಹೋಗದೆ ಕೆಳಗಿಳಿಯಿತು.

"ಗೊತ್ತಾಗ್ತಿಲ್ಲ ಕಣೆ. ಊರು ಬಿಟ್ಟಾಗ ನಂಗೆ ಮೂರೋ ನಾಲ್ಕೋ ವರ್ಷ. ನಿಂಗೆ ಹೇಳಿದ್ದೆಲ್ಲ ನಮ್ಮಮ್ಮ ನಂಗೆ ಹೇಳಿದ್ದು. ನಾನು ಕಣ್ಣಾರೆ ಕಂಡಿದ್ದು ಒಂದೂ ಇಲ್ಲ ಅನ್ಸುತ್ತೆ. ಇಷ್ಟು ವರ್ಷ ನಿಂಗೆ ಸುಳ್ಳು ಹೇಳಿದ್ನಾ?"

ಬಾಲ್ಯದುದ್ದಕ್ಕೂ ಅಮ್ಮನ ಕತೆ ಕೇಳುತ್ತ ನಾನು ಕಣ್ಣು ಮುಚ್ಚಿ ಓಡಾಡಿದ ಆ ಮನೆ, ಆ ಅಂಗಳ ಇದ್ದದ್ದೇ ಹೌದೋ, ಅಜ್ಜಿಯ ಬಾಯಲ್ಲಿ ಬೆಳೆದದ್ದೋ? ಏನಾದರೂ ಮಾತಾಡಬೇಕಲ್ಲ ಎಂದು, ಆ ಮನೆಯ ಬಾಗಿಲು ಹೇಗಿತ್ತು ಎಂದು ಕೇಳಿದೆ.

"ತೀರಾ ಗಿಡ್ಡ ಬಾಗಿಲು ಮಾರಾಯ್ತಿ. ಹಿಂಗೆ ಬಗ್ಗೇ ಒಳಗೆ ಹೋಗ್ಬೇಕಿತ್ತು."

ಹಾಗೆಂದವಳೇ ಆ ಬಯಲು ಆಕಾಶದ ಕೆಳಗೆ, ಒಂದು ಕೈಯನ್ನು ನೆತ್ತಿಗೆ ಅಡ್ಡ ಹಿಡಿದು, ತಲೆ ತಗ್ಗಿಸಿ ಬಗ್ಗಿದಳು. ನಾಲ್ಕು ವರ್ಷದ ಮಗು ಬಗ್ಗಬೇಕಾದಷ್ಟು ಗಿಡ್ಡ ಬಾಗಿಲು ಯಾವ ಊರಿನಲ್ಲಿದ್ದೀತು? ಹಾಗೆ ಬಗ್ಗುತ್ತಿದ್ದವಳು ಅಜ್ಜಿ. ಭದ್ರಾವತಿಯ ಮನೆಯ ಎತ್ತರದ ಬಾಗಿಲಲ್ಲೂ ಅವಳು ನೆತ್ತಿಗೆ ಕೈ ಹಿಡಿದು ಬಗ್ಗಿಯೇ ಬರುತ್ತಿದ್ದುದು, ನಾವೆಲ್ಲ ನಗುತ್ತಿದ್ದುದು, ನನಗೆ ಚೆನ್ನಾಗಿ ನೆನಪಿದೆ.

"ಸೆರಗೊಡ್ಡು," ಎಂದಳು ಅಮ್ಮ.

ಜಾಕೆಟ್ಟಿನಡಿ ಸಿಕ್ಕಿಕೊಂಡಿದ್ದ ದುಪಟ್ಟವನ್ನು ಎಳೆದು ಒಡ್ಡಿದೆ. ಬಾಗಿನ ನನ್ನ ಮಡಿಲಿಗೆ ಬಂತು. ಒಂದು ಕಾಳೂ ನೀರಿಗೆ ಬೀಳಲಿಲ್ಲ. ತವರಿಗೆಂದು ತಂದದ್ದು ನನಗೇಕೆ ಎಂದು ಕೇಳಬೇಕೆಂದುಕೊಂಡೆ. ಅಮ್ಮ, ಆ ಗಿಡ್ಡ ಬಾಗಿಲಲ್ಲೇ ನಿಂತು ಕೊಟ್ಟವಳಂತೆ, ಬಗ್ಗಿದ ತಲೆಯನ್ನು ಇನ್ನೂ ಎತ್ತಿರಲಿಲ್ಲ.