ಅತ್ತಿಯ ದನಿಗೆ ನಾನು ಕಾವಲಿದ್ದದ್ದು

ಆ ಕಾಲಕ್ಕೆ ನಮ್ಮ ಬನಹಟ್ಟಿಯ ಓಣಿಯಲ್ಲಿ ಕರೆಂಟು ಹೋದಾಗ ಮಾತ್ರ ಜನ ದನಿ ತೆಗೆದು ಮಾತಾಡುತ್ತಿದ್ದರು. ಕರೆಂಟು ಇದ್ದಷ್ಟು ಹೊತ್ತು ಮನೆಮನೆಯಲ್ಲೂ ಮಗ್ಗಗಳು ಖಟಾಖಟ್ ಎಂದು ಹೊಡೆದುಕೊಳ್ಳುತ್ತಿದ್ದವು. ಅದರ ನಡುವೆ ಕೂಗಿ ಗಂಟಲು ಹರಿದುಕೊಳ್ಳುವಷ್ಟು ದಡ್ಡರು ನಾವಲ್ಲ. ತುಟಿ ಆಡಿಸಿದರೆ ಸಾಕಿತ್ತು. ಆಯಿ, ಅಂದರೆ ನನ್ನ ಅವ್ವ, ಅಡುಗೆಮನೆಯ ಬಾಗಿಲಲ್ಲಿ ನಿಂತು ಬರೀ ತುಟಿಯಲ್ಲೇ 'ರೊಟ್ಟಿ ಆರಾಕತ್ತಾವು' ಅಂದರೆ, ಎರಡು ಮಗ್ಗದಾಚೆ ನಿಂತ ಅಪ್ಪ ತುಟಿಯಲ್ಲೇ 'ಬಂದೆ' ಅನ್ನುತ್ತಿದ್ದ. ಬೈಯುವುದಿದ್ದರೆ ಹುಬ್ಬನ್ನೂ ಸೇರಿಸುತ್ತಿದ್ದರು. ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ, ಮಗ್ಗದ ಎಣ್ಣೆಯ ಕಮಟು, ಈ ಸದ್ದಿಲ್ಲದ ಮಾತು, ಇವುಗಳ ನಡುವೆಯೇ ನಾನು ಐದನೆಯ ಇಯತ್ತೆಯವರೆಗೆ ಬೆಳೆದೆ.

ಅಪ್ಪನ ಕೊನೆಯ ತಂಗಿ ಸುಮಿತ್ರಾ ಅತ್ತಿ ಆಗ ಜಮಖಂಡಿಗೆ ಬಸ್ಸಿನಲ್ಲಿ ಹೋಗಿಬಂದು ಮಾಸ್ತರಿಕೆಯ ಟ್ರೇನಿಂಗ್ ಓದುತ್ತಿದ್ದಳು. ಉಳಿದೆಲ್ಲದರಲ್ಲಿ ಪಾಸಾಗಿದ್ದಳು. ಹಿಂದಿನ ವರ್ಷ, ಮಕ್ಕಳ ಮುಂದೆ ಇಂಗ್ಲಿಷ್ ಪಾಠ ಮಾಡಿ ತೋರಿಸುವ ಪರೀಕ್ಷೆಯೊಂದರಲ್ಲೇ ನಪಾಸು. ಪರೀಕ್ಷಕರು ಒಂದೇ ಸಾಲು ಬರೆದಿದ್ದರು: ದನಿ ಕೇಳಿಸುವುದಿಲ್ಲ.

"ಅಂಜಿದಾಗ ದನಿ ಎಲ್ಲಿ ಹೋಗತೈತೋ ಏನೋ," ಅನ್ನುತ್ತಿದ್ದಳು. "ಬರೇ ತುಟಿ ಆಡತಾವು. ದನಿ ಬಂದಿಲ್ಲಂತ ನನಗ ಗೊತ್ತೂ ಆಗೂದಿಲ್ಲ."

ಅಪ್ಪ ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. "ಮತ್ತ ನಪಾಸಾದಿ ಅಂದ್ರ ಸಾಕು ಮಾಡಬೇಕು ನೋಡವಾ. ತೇರದಾಳದವರು ಎಷ್ಟ ದಿನ ಕಾಯ್ತಾರ?"

ತೇರದಾಳದವರು ಅಂದರೆ ವರನ ಕಡೆಯವರು. ಸೊಸೆ ನೌಕರಿ ಮಾಡುವುದು ಅವರಿಗೆ ಬೇಕಿರಲಿಲ್ಲ. ಮನೆಯಲ್ಲಿ ನಾಲ್ಕು ಮಗ್ಗ, ಕಂಡಿಕೆಗೆ ನೂಲು ಸುತ್ತಲು ಕೈ ಬೇಕಿತ್ತು, ಅಷ್ಟೇ. ಅತ್ತಿ ಮಾಳಿಗೆಗೆ ಬಂದು ನನ್ನ ಮುಂದೆ ಅತ್ತಳು. ನನಗೆ ತೇರದಾಳದವರ ಮೇಲೆ, ಅವರ ಮುಖ ಕಾಣದೆಯೇ, ಕೆಟ್ಟ ಸಿಟ್ಟು ಬಂತು.

ಸಂಕ್ರಮಣ ಕಳೆದು ಬಿಸಿಲು ಏರುತ್ತಿದ್ದ ಆ ತಿಂಗಳು ಪೂರ್ತಿ, ಓಣಿಯ ಹುಡುಗಿಯರು ಕೆಳಗೆ ಕುಂಟಾಬಿಲ್ಲೆ ಆಡುತ್ತಿದ್ದರೆ ನಾನು ಮಾಳಿಗೆಯ ಮೇಲೆ ಅತ್ತಿಯ ನಲವತ್ತು ವಿದ್ಯಾರ್ಥಿಗಳಾಗಿ ಕೂತಿದ್ದೆ. ಸಂಬಳ ಒಂದು ಮುಷ್ಟಿ ಚುರಮುರಿ. ಅತ್ತಿಯ ದಪ್ಪ ನೋಟುಬುಕ್ಕಿನಲ್ಲಿ ಬಾಯಿಯನ್ನು ಅಡ್ಡ ಸೀಳಿದಂಥ ಚಿತ್ರಗಳಿದ್ದವು: ನಾಲಿಗೆ, ಹಲ್ಲು, ಗಂಟಲು. ಇಂಗ್ಲಿಷಿನಲ್ಲಿ ಅಕ್ಷರ ಇಪ್ಪತ್ತಾರೇ, ಧ್ವನಿಗಳು ಮಾತ್ರ ನಲವತ್ತರ ಮೇಲೆ ಅಂದಾಗ ನಾನು ನಂಬಲೇ ಇಲ್ಲ.

"ಅಕ್ಷರ ಕಣ್ಣಿಂದು, ಧ್ವನಿ ಬಾಯಿಂದು. ಎರಡನ್ನೂ ಒಂದ ಅಂತ ತಿಳಕೊಂಡ ಮಾಸ್ತರ ಹುಡುಗರನ್ನ ಕೆಡಸ್ತಾನ," ಅನ್ನುತ್ತಾ ನನ್ನ ತುಟಿಯ ಮುಂದೆ ಕಾಗದದ ಚೂರು ಹಿಡಿಯುತ್ತಿದ್ದಳು. 'ಪೆನ್' ಎಂದು ಇಂಗ್ಲಿಷಿನವರಂತೆ ಅಂದರೆ ಕಾಗದ ಹಾರಬೇಕು. ನಮ್ಮ 'ಪಾಟಿ'ಗೆ ಅದು ಅಲ್ಲಾಡುತ್ತಿರಲಿಲ್ಲ. ಆಮೇಲೆ ನನ್ನ ಎರಡು ಬೆರಳನ್ನು ನನ್ನ ಗಂಟಲ ಮೇಲೆ ಇಡಿಸಿದಳು. "ಸ್ಸ್ ಅನ್ನು. ಏನರ ನಡಗತೈತಿ?"

"ಇಲ್ಲ."

"ಈಗ ಝ್ಝ್ ಅನ್ನು."

ಬೆರಳಡಿ ಗಂಟಲು ಗುಂಯ್ ಎಂದಿತು. ಬಾಯಿ ಇದ್ದಲ್ಲೇ ಇತ್ತು, ಗಂಟಲು ಮಾತ್ರ ಎಚ್ಚರಾಗಿತ್ತು. ನಾನು ಖುಷಿಯಿಂದ ಆ ದಿನವೆಲ್ಲ ಮನೆಯವರ ಗಂಟಲು ಮುಟ್ಟಿ ಬೈಸಿಕೊಂಡೆ.

ಅದರಿಂದಲೇ ನಮ್ಮ ಗುಟ್ಟಿನ ಸಂಜ್ಞೆ ಹುಟ್ಟಿತು. ಈ ಸಲದ ಪಾಠ ನಮ್ಮ ಶಾಲೆಯಲ್ಲೇ, ನನ್ನ ತರಗತಿಗೇ ಬಿದ್ದಿತ್ತು. ನಾನು ಮೊದಲ ಸಾಲಿನಲ್ಲಿ ಕೂರಬೇಕು. ಅತ್ತಿಯ ದನಿ ಇಳಿದ ಕೂಡಲೇ ಎರಡು ಬೆರಳು ಗಂಟಲಿಗೆ ಹಚ್ಚಬೇಕು. "ನಿನ್ನ ಮ್ಯಾಲ ಬಿಟ್ಟೀನಿ, ಕಸ್ತೂರಿ," ಅಂದಳು. ಹತ್ತು ವರ್ಷದವಳಿಗೆ ಇದಕ್ಕಿಂತ ದೊಡ್ಡ ಹುದ್ದೆ ಬೇರೇನಿದೆ?

ಪರೀಕ್ಷೆಯ ದಿನ ಬೆಳಗ್ಗೆ ಕರೆಂಟು ಇರಲಿಲ್ಲ. ಪರೀಕ್ಷಕರು ಪರವೂರಿನವರು, ಕರಿ ಕೋಟಿನ ಹಿರಿಯರು. ಬಂದವರೇ ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿ ಕೂತರು. ಅತ್ತಿ ಮೋಟಾರು, ಗಡಿಯಾರ, ಕಿಟಕಿಗಳ ಚಿತ್ರ ತೋರಿಸುತ್ತ, ವ್ಯಾನಿಗೆ ಹಲ್ಲು ಕೆಳತುಟಿ ಮುಟ್ಟಬೇಕು, ವಾಚಿಗೆ ತುಟಿ ದುಂಡಗಾಗಬೇಕು ಎಂದು ಕಲಿಸತೊಡಗಿದಳು. ಕನ್ನಡದಲ್ಲಿ ಒಂದೇ ಅಕ್ಷರದಲ್ಲಿ ಬರೆಯುವ ಎರಡು ಧ್ವನಿಗಳು. ದನಿ ಗಟ್ಟಿಯಾಗಿತ್ತು. ನನ್ನ ಬೆರಳುಗಳು ತೊಡೆಯ ಮೇಲೆ ತಯಾರಾಗಿದ್ದವು.

ಅರ್ಧ ಪಾಠಕ್ಕೆ ಕರೆಂಟು ಬಂತು. ಶಾಲೆಯ ಹಿಂಗೋಡೆಗೆ ಹತ್ತಿದ ಮನೆಯಲ್ಲಿ ಆರು ಮಗ್ಗಗಳು ಒಟ್ಟಿಗೆ ಶುರುವಾದವು. ಆದರೂ ಪಾಠ ನಿಲ್ಲಲಿಲ್ಲ. ಅತ್ತಿ ಕೇಳಿದಳು, ನಲವತ್ತೂ ಮಕ್ಕಳು ಒಂದೇ ಉಸಿರಿಗೆ ಉತ್ತರ ಕೊಟ್ಟರು. ಮತ್ತೆ ಕೇಳಿದಳು, ಮತ್ತೆ ಕೊಟ್ಟರು. ಒಂದೂ ತಪ್ಪಿಲ್ಲ. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಪರೀಕ್ಷಕರು ಎದ್ದು ಮುಂದೆ ಬಂದು ನನ್ನ ಪಕ್ಕದಲ್ಲೇ ನಿಂತರು.

"ನಿಮ್ಮ ಅಕ್ಕೋರು ಈಗ ಏನು ಕೇಳಿದರು?"

"ಕಿಟಕಿಗೆ ಇಂಗ್ಲಿಷಿನ್ಯಾಗ ಏನಂತಾರ ಅಂತ ಕೇಳಿದ್ರರೀ."

"ನಿನಗೆ ಕೇಳಿಸಿತೇ?"

"ಹೌದ್ರೀ, ಛಲೋ ಕೇಳಿಸ್ತ್ರೀ."

ಅವರು ಅತ್ತಿಯ ಕಡೆ ತಿರುಗಿದರು. "ಹಿಂದೆ ಕೂತ ನನಗೆ ಹತ್ತು ನಿಮಿಷದಿಂದ ಒಂದಕ್ಷರ ಕೇಳಿಸಿಲ್ಲ," ಅಂದರು. "ನೀವು ಹಲಗೆಯ ಕಡೆ ಮುಖ ಮಾಡಿ. ತಿರುಗಬೇಡಿ. ಈಗ ಕೇಳಿ ನೋಡೋಣ."

ಅತ್ತಿ ನಮಗೆ ಬೆನ್ನು ಮಾಡಿ ನಿಂತಳು. ಮಗ್ಗಗಳು ಹೊಡೆದುಕೊಳ್ಳುತ್ತಲೇ ಇದ್ದವು. ಅವಳ ಕಿವಿಯ ಹಿಂದಿನ ನರ ಅಲುಗಿತು, ಏನೋ ಅಂದಳು. ಯಾರೂ ಉತ್ತರಿಸಲಿಲ್ಲ. ಮತ್ತೆ ಅಂದಳು. ನಲವತ್ತು ಮಕ್ಕಳು ಪೆಚ್ಚಾಗಿ ಕೂತರು.

ಆಗ ನನಗೆ ಹೊಳೆಯಿತು. ಮಗ್ಗ ಶುರುವಾದ ಗಳಿಗೆಯಿಂದ ಅತ್ತಿಗೆ ದನಿಯೇ ಇರಲಿಲ್ಲ. ನಾವೆಲ್ಲ ಮಗ್ಗದ ಮನೆಯ ಮಕ್ಕಳು, ಅವಳ ತುಟಿ ನೋಡಿ ಉತ್ತರ ಕೊಟ್ಟಿದ್ದೆವು. ಕಾವಲಿಗೆ ಕೂತ ನನಗೂ ಅದು ಗೊತ್ತಾಗಿರಲಿಲ್ಲ. ಈಗ ಬೆರಳು ಗಂಟಲಿಗೆ ಒತ್ತಿಕೊಂಡೆ. ಬೆನ್ನು ಮಾಡಿ ನಿಂತವಳಿಗೆ ಅದು ಕಾಣುವುದಾದರೂ ಹೇಗೆ? ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಸುಣ್ಣದ ಕಡ್ಡಿ ಹಿಡಿದ ಅತ್ತಿಯ ಕೈ ಮೆಲ್ಲಗೆ ಮೇಲೇರಿ ಅವಳ ಗಂಟಲ ಕಡೆಗೆ ಹೋಯಿತು. ಅಲ್ಲೇ ನಿಂತಿತು. ಉಸಿರೆಳೆದುಕೊಂಡದ್ದು ಭುಜದಲ್ಲಿ ಕಾಣಿಸಿತು.

"ವಿಂಡೋ!"

ಒಡಕು ದನಿ, ಆದರೆ ಮಗ್ಗಗಳ ಮೇಲೆ ಹಾದು ಬಂತು. ಪಕ್ಕದ ತರಗತಿಯ ಮಗ್ಗಿ ಪಾಠ ನಿಂತುಹೋಯಿತು. ನಾವು "ವಿಂಡೋ" ಎಂದು ಅರಚಿದೆವು. ಪರೀಕ್ಷಕರು ಅವಳನ್ನು ತಿರುಗಗೊಡದೆ ಹತ್ತು ಶಬ್ದ ಹೇಳಿಸಿದರು. ಕೊನೆಗೆ, "ಬೇರೆ ಊರಿನ ಮಕ್ಕಳು ನಿಮ್ಮ ಮುಖ ಓದುವುದಿಲ್ಲ ತಾಯಿ, ನೆನಪಿರಲಿ," ಎಂದು ಹೇಳಿ ಹೊರಟರು.

"ನನಗ ಖರೇನ ಕೇಳಿಸಿತ್ತ ಅತ್ತಿ, ಆಣಿ ಮಾಡತೀನಿ," ಎಂದು ನಾನು ಮನೆಯ ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ.

"ಗೊತ್ತೈತಿ ಬಿಡ ಹುಚ್ಚಿ," ಅಂದಳು. ಗಂಟಲ ಮೇಲೆ ಸುಣ್ಣ ಹತ್ತಿದ್ದು ಅವಳಿಗೆ ಗೊತ್ತಿರಲಿಲ್ಲ.

ಅಂಚಿನಲ್ಲಿ ಪಾಸಾದಳು. ತೇರದಾಳದವರು ಕಾಯಲಿಲ್ಲ, ಮುಧೋಳದ ಒಬ್ಬರು ಕಾದು ಮದುವೆಯಾದರು. ಹಿಪ್ಪರಗಿ, ರನ್ನ ಬೆಳಗಲಿ ಎಂದು ಊರೂರಿನ ನೌಕರಿಯುದ್ದಕ್ಕೂ ಅವಳ ದನಿ ದೊಡ್ಡದಾಗುತ್ತ ಹೋಯಿತು. ನಮ್ಮ ಮನೆಯ ಮಗ್ಗಗಳು ಮಾರಿಹೋದವು, ಆಯಿ ಹೋದಳು. ತುಟಿಯಲ್ಲಿ ಮಾತಾಡುವವರು ಓಣಿಯಲ್ಲಿ ಈಗ ಇಲ್ಲವೆನ್ನುವಷ್ಟು ಕಡಿಮೆ. ನಾನೂ ಊರು ಬಿಟ್ಟು ಬೆಳಗಾವಿ ಸೇರಿದೆ.

ಹೋದ ವರ್ಷ ಮುಧೋಳದ ಮಾಮಾ ತೀರಿಕೊಂಡ ಮೇಲೆ ಪ್ರತಿ ರವಿವಾರ ಅತ್ತಿಗೆ ಫೋನ್ ಮಾಡುತ್ತೇನೆ. "ಆರಾಮ ಅದೀನಿ ನೋಡವಾ," ಅನ್ನುತ್ತಾಳೆ. ದನಿ ಗಟ್ಟಿಯಾಗಿ, ಸ್ಪಷ್ಟವಾಗಿ, ಒಂದಕ್ಷರವೂ ಬಿಡದಂತೆ ಕೇಳಿಸುತ್ತದೆ. ಮುಖ ಕಾಣದೆ, ಆರಾಮ ಇದ್ದಾಳೋ ಇಲ್ಲವೋ ನನಗೆ ತಿಳಿಯುವುದಿಲ್ಲ.