ಸೇತುವೆ ದಿಬ್ಬಕ್ಕೆ ಸರಿದಾಗ

ಕೋವಿಡ್ ಮುಗಿದ ಮರುವರ್ಷ. ಸೇತುವೆಗಳ ಅಡಿಪಾಯ ವಿನ್ಯಾಸ ಮಾಡುವ ಎಂಜಿನಿಯರ್ ಆಗಿ ನಾನು ಜಮಖಂಡಿಯಲ್ಲಿದ್ದೆ. ಬೀಳಗಿ ಕಡೆ, ಹಿನ್ನೀರಿನ ಅಂಚಿನ ಒಂದು ಹಳ್ಳಕ್ಕೆ ಸೇತುವೆ ಮಂಜೂರಾಗಿತ್ತು. ಅದರ ಹಿಂದೆ ಬಿದ್ದವರು ಬೀರಪ್ಪ ಎಂಬ ಕುರಿಗಾರರು. ಅವರ ಮಗಳು ಮಾಳವ್ವನಿಗೆ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿದ ದಿನ ಹಳ್ಳ ತುಂಬಿ ಹರಿಯುತ್ತಿತ್ತು. ಆಂಬುಲೆನ್ಸ್ ಆಚೆ ದಡಕ್ಕೆ ಬಂದು ನಿಂತಿತ್ತು. ಹುಡುಗಿ ಈಚೆ ದಡದಲ್ಲಿ ಅಪ್ಪನ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಆಮೇಲೆ ಬೀರಪ್ಪ ಕುರಿಗಳನ್ನು ಹೆಂಡತಿ ನೀಲವ್ವನಿಗೆ ಒಪ್ಪಿಸಿ, ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಿದ್ದರು.

ಹಳ್ಳದ ದಂಡೆಯಲ್ಲೆಲ್ಲ ನೆನೆದರೆ ಉಬ್ಬುವ, ಒಣಗಿದರೆ ಬಿರಿಯುವ ಎರೆಮಣ್ಣು. ಹೀಗಾಗಿ ಪೈಲ್ ಅಡಿಪಾಯವೇ ಬೇಕಿತ್ತು. ನೆಲವನ್ನು ಆಳಕ್ಕೆ ಕೊರೆದು ತುಂಬಿದ ಕಾಂಕ್ರೀಟ್ ಕಂಬವೇ ಪೈಲ್. ಅದು ಸುತ್ತಲಿನ ಮಣ್ಣಿನ ಹಿಡಿತದಿಂದ ಒಂದಿಷ್ಟು, ಬುಡದ ಗಟ್ಟಿ ಪದರದಿಂದ ಒಂದಿಷ್ಟು ಭಾರ ಹೊರುತ್ತದೆ. ಪರೀಕ್ಷೆಗೆಂದು ಒಂದು ಪೈಲ್ ಹಾಕಿ, ಜಾಕ್‌ನಿಂದ ಒತ್ತಿ, ಎಷ್ಟು ಕುಸಿಯುತ್ತದೆಂದು ಅಳೆದೆವು. ಫಲಿತಾಂಶ ಚೆನ್ನಾಗಿಯೇ ಬಂತು.

ಆದರೆ ಅದೇ ಅಳತೆಗಳ ಜೊತೆ ಆಳದ ಮಣ್ಣಿನ ವಿವರವನ್ನೂ ಇಟ್ಟು ಕಂಪ್ಯೂಟರ್‌ನಲ್ಲಿ ಸೇತುವೆ ಹೊರುವ ಪೈಲ್‌ಗಳ ಇಡೀ ಗುಂಪಿನ ಮಾಡೆಲ್ ಮಾಡಿದಾಗ ಬೇರೆಯೇ ಉತ್ತರ ಬಂತು. ಒಂಟಿ ಪೈಲ್‌ನ ಒತ್ತಡ ಹತ್ತಿರದ ಮಣ್ಣಿನಲ್ಲೇ ಕರಗಿಹೋಗುತ್ತದೆ. ಹಲವು ಪೈಲ್‌ಗಳು ಒಟ್ಟಿಗೆ ಒತ್ತಿದರೆ ಆ ಭಾರ ಇನ್ನೂ ಕೆಳಗೆ ಇಳಿಯುತ್ತದೆ. ಅಲ್ಲಿ, ಹಳ್ಳ ಹಿಂದೆಂದೋ ಹರಿದ ಪಾತ್ರದಲ್ಲಿ, ಮೆತ್ತನೆಯ ಜೇಡಿ ತುಂಬಿತ್ತು. ಅಲ್ಲೇ ಕಟ್ಟಿದ್ದರೆ ಸೇತುವೆ ವರ್ಷದಿಂದ ವರ್ಷಕ್ಕೆ ಒಂದು ಬದಿಗೆ ವಾಲುತ್ತಿತ್ತು.

“ಟೆಸ್ಟ್ ಪಾಸಾಗೇತಲ್ರಿ ಮೇಡಂ, ಮತ್ತೇನು?” ಎಂದರು ನಮ್ಮ ಮೇಲಧಿಕಾರಿ.

“ಒಂದು ಪೈಲ್ ಪಾಸಾಗೇತ್ರಿ. ಸೇತುವೆ ಆಗಿಲ್ಲ,” ಎಂದೆ.

ಅವರು ಒಪ್ಪಿದರು. ಮತ್ತೆ ಕೊರೆದು ನೋಡಿದಾಗ ಗಟ್ಟಿ ನೆಲ ಸಿಕ್ಕಿದ್ದು ಒಂದೇ ಕಡೆ. ಅದು ಪ್ರವಾಹ ಮುಟ್ಟದ, ಗರಸಿನ ಗಟ್ಟಿ ಕಲ್ಲುಮಣ್ಣಿನ ದಿಬ್ಬ. ಸ್ವಲ್ಪ ಕೆಳಗೇ ಬಂಡೆ. ನೀರು ಬರದ ಜಾಗವೆಂದೇ ಬೀರಪ್ಪನವರು ಮಗಳನ್ನು ಅಲ್ಲಿ ಮಣ್ಣು ಮಾಡಿದ್ದರು.

ಸಮಾಧಿ ಉಳಿಸಲು ನಾನು ಮಾಡೆಲ್‌ನಲ್ಲಿ ಏನೇನೋ ಪ್ರಯತ್ನಿಸಿದೆ. ಪೈಲ್ ಉದ್ದ ಮಾಡಿದೆ, ಗುಂಪಿನ ಆಕಾರ ಬದಲಿಸಿದೆ, ನಕ್ಷೆಯಲ್ಲಿ ಸೇತುವೆಯ ಗೆರೆಯನ್ನು ಪಕ್ಕಕ್ಕೆ ಎಳೆದೆ. ಪ್ರತಿ ಸಲವೂ ಒಂದು ತುದಿ ಜೇಡಿಗೇ ಬೀಳುತ್ತಿತ್ತು. ನೋಟಿಸ್ ಕಳಿಸೋಣವೆಂದರು ಕಚೇರಿಯವರು. ಬೇಡವೆಂದು ನಾನೇ ಹೋದೆ.

ಬೀರಪ್ಪ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. “ಒಂದೀಟು ಆಚಿ-ಈಚಿ ಸರಸಾಕ ಬರಂಗಿಲ್ಲೇನ್ರಿ ಅಕ್ಕಾರ?”

“ಇಲ್ರಿ. ಎಲ್ಲಾ ಮಾಡಿ ನೋಡೇನಿ.”

ಅವರು ನೀಲವ್ವನ ಕಡೆ ನೋಡಿದರು. ಆಕೆ ಎದ್ದು ಒಳಗೆ ಹೋದರು. ಆಕೆ ಹೋದ ಬಾಗಿಲನ್ನೇ ನೋಡುತ್ತ ಬೀರಪ್ಪ, “ಬ್ಯಾರೇದವರ ಮಕ್ಕಳರ ದಾಟಲಿ. ಮಾಡ್ರಿ,” ಎಂದರು.

ತಹಶೀಲ್ದಾರರ ಅನುಮತಿ ಪಡೆದು ಒಂದು ಬೆಳಿಗ್ಗೆ ಸಮಾಧಿ ತೆಗೆದರು. ನೀಲವ್ವ ಯಾರನ್ನೂ ಹತ್ತಿರ ಬಿಡಲಿಲ್ಲ. ಕುಣಿಯೊಳಗೆ ತಾವೇ ಇಳಿದು, ಕೈಯಿಂದ ಮಣ್ಣು ಸರಿಸುತ್ತ, ಮಲಗಿದವಳನ್ನು ಎಬ್ಬಿಸುವ ದನಿಯಲ್ಲಿ ಅಂದರು: “ಏಳ ನನ ಮಗಳ. ಹಾದಿ ಮಾಡಾಕ ಬಂದಾರ, ಏಳು.” ಹಸಿರು ಬಳೆಯ ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡರು. ಯಂತ್ರದ ಚಾಲಕ ಬೆನ್ನು ತಿರುಗಿಸಿ ಅಳುತ್ತಿದ್ದ. ನಾನು ಅಳಲಿಲ್ಲ, ಅಳುವ ಹಕ್ಕು ನನಗಿಲ್ಲವೆನಿಸಿತ್ತು.

ಅವಳನ್ನು ದಿಬ್ಬದ ಆಚೆ ಮಗ್ಗುಲಲ್ಲಿ ಮತ್ತೆ ಮಣ್ಣು ಮಾಡಿದ ಮೇಲೆ ಕೆಲಸ ಶುರುವಾಗಿ, ಸೇತುವೆ ಎದ್ದಿತು. ಮಾಡೆಲ್ ಹೇಳಿದಷ್ಟೇ ಕುಸಿತ, ಹೆಚ್ಚೂಕಡಿಮೆ ಕೂದಲೆಳೆಯಷ್ಟು ವ್ಯತ್ಯಾಸ. ಸಹೋದ್ಯೋಗಿಗಳು ಕೈಕುಲುಕಿದರು. ಮುಂದಿನ ಮಳೆಗಾಲ ಕಳೆದ ಮೇಲೆ ತಪಾಸಣೆಗೆ ಹೋದಾಗ ಬೀರಪ್ಪ ಕುರಿಗಳನ್ನು ಸೇತುವೆಯ ಮೇಲೆಯೇ ಹೊಡೆದುಕೊಂಡು ಬಂದರು. ನೀಲವ್ವ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ ಹಳ್ಳ ದಾಟುತ್ತಿದ್ದರು. ನಾನು ಇಳಿದುಹೋಗಿ, ಮೇಲಿಂದ ಬರಬಾರದೇ ಎಂದು ಕೇಳಿದೆ.

“ನಿಮ್ಮ ಲೆಕ್ಕ ಖರೇ ಐತ್ರಿ ಅಕ್ಕಾರ. ಸಿಟ್ಟಿಲ್ಲ ನನಗ,” ಎಂದರು. “ಅಕಿ ಮಲಗಿದ್ದ ಜಾಗದ ಮ್ಯಾಲ ಕಾಲ ಏಳಂಗಿಲ್ಲ, ಅಷ್ಟ.”

ಇಂದು ಅದೇ ಲೆಕ್ಕ ಬಂದರೂ ಸೇತುವೆಯನ್ನು ಅಲ್ಲಿಗೇ ಸರಿಸುತ್ತೇನೆ. ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಯಾರ ಸಂಕಟವೂ ಹಗುರಾಗುವುದಿಲ್ಲ. ಆ ಸಂಕಟ ಕೊಡುವವರೇ ಅವರ ಮನೆ ಬಾಗಿಲಿಗೆ ಹೋಗಿ ಲೆಕ್ಕ ಹೇಳಬೇಕು, ಹೇಳಿದ ಮೇಲೆ ಕೂಡಲೇ ಎದ್ದು ಬರಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು.