ಸೊಪ್ಪು ಆರಿಸಿದ ಹಾಗೆ ತಂದ ನೀರಗಿಡ

ರಾಜಾಜಿನಗರ ಇನ್ನೂ ಹೊಸ ಬಡಾವಣೆಯಾಗಿದ್ದಾಗ ನನ್ನ ತಮ್ಮ ತೀರಿಕೊಂಡ. ಅವನು ಮೀನು ಸಾಕಿದ್ದ ಆ ದರಿದ್ರ ಗಾಜಿನ ತೊಟ್ಟಿ ಮೀನುಗಳ ಸಮೇತ ನಮಗೆ ಉಳಿಯಿತು. ಅದಕ್ಕೆ ಗಿಡ ತರಲು ಅಮ್ಮನೂ ನಾನೂ ಕೆಂಗೇರಿ ಕೆರೆಗೆ ಹೋದೆವು. ಸಂತೆಯಲ್ಲಿ ಸೊಪ್ಪು ಆರಿಸುವ ಹಾಗೆಯೇ ಅಮ್ಮ ಒಂದೊಂದನ್ನೂ ಎತ್ತಿ ಹಿಡಿದು ನೋಡಿದಳು. ನೀರೊಳಗಿಂದ ಕಿತ್ತದ್ದು ಕೈಯಲ್ಲಿ ಜೋತುಬಿದ್ದರೆ, "ಬಾಡಿದೆ ಕಣೋ" ಎಂದು ಎಸೆದಳು. ದಂಡೆಯಲ್ಲಿ ನೆಟ್ಟಗೆ ನಿಂತಿದ್ದನ್ನು ಮಡಿಲಿಗೆ ಹಾಕಿಕೊಂಡಳು. ನೀರೊಳಗೇ ಬದುಕುವ ಗಿಡಕ್ಕೆ ಹೊರಗೆ ನಿಲ್ಲುವ ತ್ರಾಣವಿರುವುದಿಲ್ಲ. ಅಷ್ಟು ಸಣ್ಣ ವಿಷಯ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ದಂಡೆಯ ಗಿಡಗಳು ತೊಟ್ಟಿಯಲ್ಲಿ ಕೊಳೆತು ನಾರಿದವು, ಮೀನುಗಳು ಸತ್ತು ತೇಲಿದವು. ಕೊನೆಯ ಮೀನನ್ನು ಅಂಗೈಯಲ್ಲಿಟ್ಟುಕೊಂಡು ಅಮ್ಮ, "ನಿನ್ನ ತಮ್ಮನಿಗೂ ಹೀಗೇ, ಚೆನ್ನಾಗಿರೋದನ್ನೇ ಆರಿಸಿ ಆರಿಸಿ ತಟ್ಟೆಗೆ ಹಾಕ್ತಿದ್ದೆ" ಎಂದಳು.